ಮೋಟರ್‌ಸೈಕೋ ಊರಿಗೆ ಬರುವ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಹುಬ್ಬಳ್ಳಿ ಹುಡುಗ, ಆಗಸ್ಟ್‌ನಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ಗೆ ಓದಲು ಬರುತ್ತಿದ್ದೀಯ, ಗಿಟಾರ್ ನುಡಿಸುತ್ತೀಯ. "ಅಣ್ಣಾರ, ಮನಿ ಹೆಂಗ, ಚಳಿ ಹೆಂಗ, ಗಿಟಾರ್ ತರಬೇಕೋ ಬ್ಯಾಡೋ, ಮೋಟರ್‌ಸೈಕೋ ಕಾರ್ಯಕ್ರಮ ನೋಡಾಕ ಸಿಗತಾವೇನು, ಬ್ಯಾಂಡ್ ಕಟ್ಟಾಕ ಮಂದಿ ಸಿಗತಾರೇನು, ನಿಮಗ ಏನ್ ತರಲಿ" ಎಂದು ಒಂದೇ ಉಸಿರಿನಲ್ಲಿ ಕೇಳಿದ್ದೀಯ. ಇಲ್ಲಿಗೆ ಬರುವವರು ನನ್ನನ್ನು ಕೇಳುವುದು ಪಾರ್ಟ್ ಟೈಮ್ ಕೆಲಸದ ಬಗ್ಗೆ, ಪಿಆರ್ (ಕಾಯಂ ವಾಸದ ಪರವಾನಗಿ) ಬಗ್ಗೆ. ಈ ಊರಿನ ರಾಕ್ ಬ್ಯಾಂಡ್ ಮೋಟರ್‌ಸೈಕೋ ಬಗ್ಗೆ ಕೇಳಿದ ಮೊದಲ ಕನ್ನಡದವನು ನೀನೇ. ಅದಕ್ಕೇ ಉತ್ತರ ಉದ್ದ ಆಗುತ್ತದೆ, ಸಹಿಸಿಕೋ.

ಮೊದಲು ಬೇಗ ಮುಗಿಯುವಂಥವು. ಮನೆ: ಮೊದಲ ವರ್ಷ ವಿದ್ಯಾರ್ಥಿಗಳ ವಸತಿಗೇ ಅರ್ಜಿ ಹಾಕು. ನಾನು ಮೊಹೊಲ್ಟ್‌ನಲ್ಲಿದ್ದೆ, ಸುಖವಾಗಿತ್ತು. ಹೊರಗೆ ಹಿಡಿದರೆ ಸಾಮಾನ್ಯವಾಗಿ ಮೂರು ತಿಂಗಳ ಬಾಡಿಗೆ ಡಿಪಾಸಿಟ್ ಕೇಳುತ್ತಾರೆ. ಅದು ನಿನ್ನ ಹೆಸರಿನ ಬೇರೆ ಖಾತೆಯಲ್ಲಿರಬೇಕು. ಯಾರ ಕೈಗೂ ನೇರವಾಗಿ ಕೊಡಬೇಡ. ಫೀಸಿನ ಲೆಕ್ಕ ನನ್ನನ್ನು ಕೇಳಬೇಡ. ನಾನು ಬಂದ 2007ರಲ್ಲಿ ಫೀಸೇ ಇರಲಿಲ್ಲ, 2023ರಿಂದ ನಮ್ಮಂಥ ಯುರೋಪಿನ ಹೊರಗಿನವರಿಗೆ ಬಂದಿದೆ. ಚಳಿಗೆ ಉಣ್ಣೆಯ ಒಳಬಟ್ಟೆ ಬೇಕು, ಇಲ್ಲೇ ತಗೋ. ಹುಬ್ಬಳ್ಳಿಯಲ್ಲಿ ಸಿಗುವ ಥರ್ಮಲ್ ಸುಮ್ನೆ ದಂಡ.

ಚಳಿಗಿಂತ ಕತ್ತಲೆ ಜಾಸ್ತಿ ಕಷ್ಟ. ಡಿಸೆಂಬರ್ ಕೊನೆಗೆ ಹತ್ತು ಗಂಟೆಗೆ ಸೂರ್ಯ ಹುಟ್ಟಿ ಎರಡೂವರೆಗೆ ಮುಳುಗುತ್ತಾನೆ. ಹುಟ್ಟಿದ ಅನ್ನುವುದೂ ಉಪಚಾರಕ್ಕೆ, ಗುಡ್ಡದ ಅಂಚಿನಲ್ಲಿ ಇಣುಕಿ ಹೋಗುತ್ತಾನೆ ಅಷ್ಟೇ. ಈ ಊರಿನವರು ಇಷ್ಟು ಉದ್ದುದ್ದ ಹಾಡು ಯಾಕೆ ಕಟ್ಟುತ್ತಾರೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಕಾರಣ ಇದೊಂದೇ. ಸಂಜೆ ಮೂರಕ್ಕೆ ಶುರುವಾಗಿ ಬೆಳಿಗ್ಗೆ ಹತ್ತರವರೆಗೆ ರಾತ್ರಿ ಇದ್ದರೆ ಮನುಷ್ಯ ಇನ್ನೇನು ಮಾಡಬೇಕು ಹೇಳು.

ನಾನು ಬಂದಾಗ ನನಗೆ ಈ ಬ್ಯಾಂಡಿನ ಹೆಸರೂ ಗೊತ್ತಿರಲಿಲ್ಲ. ನಾರ್ವೆ ಅಂದರೆ ಎ-ಹಾ, ಆಮೇಲೆ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಕಿರುಚುವವರು, ಅಷ್ಟೇ. 2008ರಲ್ಲಿ ಲ್ಯಾಬಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಲ್ಲಿಯವನೊಬ್ಬ ತನ್ನ ಹೆಡ್‌ಫೋನ್ ಕೊಟ್ಟ. ಆಗಷ್ಟೇ ಬಂದಿದ್ದ 'ಲಿಟಲ್ ಲೂಸಿಡ್ ಮೊಮೆಂಟ್ಸ್'. ಇಡೀ ಆಲ್ಬಮ್‌ನಲ್ಲಿ ನಾಲ್ಕೇ ಹಾಡು. ಮೊದಲನೆಯದೇ ಇಪ್ಪತ್ತೊಂದು ನಿಮಿಷ. ಐದು ನಿಮಿಷ ಕೇಳಿ ವಾಪಸ್ ಕೊಡೋಣ ಅಂದುಕೊಂಡಿದ್ದೆ. ಕೊಡಲಿಲ್ಲ. ಧಾರವಾಡದಲ್ಲಿ ಬೆಳೆದವನಿಗೆ ಇಪ್ಪತ್ತು ನಿಮಿಷ ಒಂದು ಲೆಕ್ಕವೇ? ಅಪ್ಪ ನನ್ನನ್ನು ಸಂಗೀತ ಸಭೆಗೆ ಕರೆದುಕೊಂಡು ಹೋಗುತ್ತಿದ್ದರು. ವಿಲಂಬಿತ್ ಮುಗಿಯುವಷ್ಟರಲ್ಲಿ ನಾನು ಅವರ ತೊಡೆಯ ಮೇಲೆ ಒಂದು ನಿದ್ದೆ ಮುಗಿಸುತ್ತಿದ್ದೆ. ಹಾಗಂತ ಇವರದ್ದು ರಾಗದ ದಾರಿ ಅಲ್ಲ, ಗಟ್ಟಿ ಗಿಟಾರಿನ ಗದ್ದಲ. ಹೋಲಿಕೆ ತಾಳ್ಮೆಯಲ್ಲಿ ಮಾತ್ರ. ಒಂದು ಎಳೆ ಹಿಡಿದರೆ ಅದರ ಕೊನೆ ಕಾಣುವವರೆಗೆ ಬಿಡುವುದಿಲ್ಲ.

ನಿನಗೆ ಇವರ ಕಥೆ ಗೊತ್ತೇ ಇರುತ್ತದೆ. ಆದರೂ ಈ ಊರಿನಲ್ಲಿ ಕೂತು ನೋಡಿದರೆ ಅದು ಬೇರೆ ಥರ ಕಾಣುತ್ತದೆ, ಅದಕ್ಕೇ ಹೇಳುತ್ತೇನೆ. 1989ರಲ್ಲಿ ಇಲ್ಲೇ ಶುರು ಮಾಡಿದರು. ಬೇಸ್ ಹಿಡಿದು ಹಾಡುವ ಬೆಂಟ್ ಸೇತರ್, ಗಿಟಾರಿಗೆ ಹಾನ್ಸ್ ಮಾಗ್ನುಸ್ ರಿಯಾನ್. ಹಾನ್ಸ್ ಅನ್ನುವ ಹೆಸರಿನ ಅಕ್ಷರ ತಿರುಗಿಸಿ ಅವನನ್ನು ಸ್ನಾ ಅನ್ನುತ್ತಾರೆ. ಬ್ಯಾಂಡಿನ ಹೆಸರು 1965ರ ಒಂದು ಅಗ್ಗದ ಅಮೆರಿಕನ್ ಸಿನಿಮಾದ್ದು. 1991ರಲ್ಲಿ ಮೊದಲ ಆಲ್ಬಮ್ ಬಂತು. ಅದೇ ವರ್ಷ ಡ್ರಮ್ಸ್‌ಗೆ ಹೋಕನ್ ಗೆಬ್‌ಹಾರ್ಟ್ ಬಂದ. 1993ರ 'ಡೀಮನ್ ಬಾಕ್ಸ್'ನಲ್ಲಿ ಮೆಟಲ್ ಇದೆ, ಜಾನಪದದ ನೆರಳಿದೆ, ಹದಿನೇಳು ನಿಮಿಷದ ಗದ್ದಲವೂ ಇದೆ. ಮುಂದಿನ ವರ್ಷ 'ಟಿಮೊತೀಸ್ ಮಾನ್ಸ್‌ಟರ್', ಎರಡು ಸಿಡಿ ತುಂಬ. ಅದೇ ವರ್ಷ ಇಲ್ಲದ ಸಿನಿಮಾವೊಂದಕ್ಕೆ ಸಂಗೀತ ಅಂತ ಒಂದು ಕಂಟ್ರಿ ಆಲ್ಬಮ್ ಬೇರೆ! ಹೀಗೆ ಒಂದು ಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ಅದನ್ನು ಬಿಟ್ಟು ನಡೆಯುವುದು ಇವರ ಸ್ವಭಾವ. 2000ದ ಹೊತ್ತಿಗೆ ಗದ್ದಲ ಇಳಿಸಿ ಅರವತ್ತರ ದಶಕದ ಮೆಲುದನಿಯ ಪಾಪ್ ಕಡೆ ಹೋದರು.

ಆ ಕಾಲದ 'ಫ್ಯಾನೆರೊಥೈಮ್' ಅನ್ನುವ 2001ರ ಆಲ್ಬಮ್ ಹೆಸರಿನ ಹಿಂದೆ ಒಂದು ತಮಾಷೆ ಇದೆ. 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿ ಮತ್ತು ಮನೋವೈದ್ಯ ಹಂಫ್ರಿ ಆಸ್ಮಂಡ್ ಕಾಗದ ಬರೆದುಕೊಳ್ಳುತ್ತ ಹೊಸ ಮಾದಕಗಳ ಅನುಭವಕ್ಕೆ ಒಂದು ಹೆಸರು ಹುಡುಕುತ್ತಿದ್ದರು. ಹಕ್ಸ್‌ಲಿ ಕೊಟ್ಟ ಹೆಸರು ಫ್ಯಾನೆರೊಥೈಮ್. ಆಸ್ಮಂಡ್ ಕೊಟ್ಟದ್ದು ಸೈಕೆಡೆಲಿಕ್. ಯಾವುದು ಗೆದ್ದಿತು ಅಂತ ನಿನಗೇ ಗೊತ್ತು. ಸೈಕೆಡೆಲಿಕ್ ಬ್ಯಾಂಡ್ ಅಂತ ಕರೆಸಿಕೊಳ್ಳುವವರು ಸೋತ ಪದವನ್ನು ಎತ್ತಿಕೊಂಡರು.

ಸೈಕೆಡೆಲಿಕ್ ಅಂದರೆ ಗಾಂಜಾದವರಾ ಅಂತ ಅಮ್ಮ ಗಾಬರಿಯಾಗಿದ್ದಾರೆ ಎಂದು ಬರೆದಿದ್ದೀಯ. ಇವರ ಸಂಗೀತ ಕಚೇರಿಗೆ ಬರುವ ಅರ್ಧ ಜನಕ್ಕೆ ತಲೆ ನೆರೆತಿದೆ, ಎಲ್ಲರೂ ಕಿವಿಗೆ ಬೆಂಡು ಇಟ್ಟುಕೊಂಡು ಪ್ರವಚನ ಕೇಳುವವರ ಹಾಗೆ ನಿಂತಿರುತ್ತಾರೆ ಅಂತ ಹೇಳು. ಆದರೆ ನಿನಗೆ ಬೇರೆಯಾಗಿ ಹೇಳುತ್ತೇನೆ. ಇಲ್ಲಿ ಅದೆಲ್ಲ ಕಾನೂನಿಗೆ ವಿರುದ್ಧ. ನೀನು ವೀಸಾ ಮೇಲೆ ಇರುವವನು. ಯಾರಾದರೂ ಕೈಗೆ ಕೊಟ್ಟರೆ ಅಲ್ಲಿಂದ ಎದ್ದು ಬಾ.

ಕಥೆಗೆ ಬರುತ್ತೇನೆ. 2005ರಲ್ಲಿ ಗೆಬ್‌ಹಾರ್ಟ್ ಬಿಟ್ಟು ಹೋದ. ಹದಿನಾಲ್ಕು ವರ್ಷದ ಜೊತೆ. ಉಳಿದ ಇಬ್ಬರು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಹೋಗಿ, ಬೆಂಟ್ ತಾನೇ ಡ್ರಮ್ಸ್ ಬಾರಿಸಿ, 2006ರಲ್ಲಿ ಮತ್ತೊಂದು ಜೋಡಿ ಆಲ್ಬಮ್ ತಂದರು. ಆಮೇಲೆ ಕೆನೆತ್ ಕಾಪ್‌ಸ್ಟಾಡ್ ಬಂದ, 2016ರಲ್ಲಿ ಹೋದ. ಸ್ವೀಡನ್ನಿನ ತೊಮಾಸ್ ಯೆರ್ಮಿರ್ ಬಂದ, ಅವನೂ ಹೋದ. ಇಬ್ಬರೇ ಉಳಿದಾಗ 2023ರಲ್ಲಿ ತಣ್ಣಗೆ ಅಕೌಸ್ಟಿಕ್ ಗಿಟಾರ್ ಹಿಡಿದು 'ಯೇ!' ಮಾಡಿದರು. ಬಿಟ್ಟು ಹೋಗುವವರು ಹೋಗುತ್ತಲೇ ಇದ್ದಾರೆ, ಆ ಇಬ್ಬರು ಮಾತ್ರ ಈ ಊರು ಬಿಟ್ಟಿಲ್ಲ. ಜರ್ಮನಿ, ಇಟಲಿ, ನೆದರ್‌ಲ್ಯಾಂಡ್ಸ್ ಎಲ್ಲ ಸುತ್ತುತ್ತಾರೆ, ಮತ್ತೆ ಇಲ್ಲಿಗೇ ಬರುತ್ತಾರೆ. ಊರು ಬಿಡದವರ ಸಂಗೀತ ಕೇಳಲು ನೀನು ಊರು ಬಿಟ್ಟು ಬರುತ್ತಿದ್ದೀಯ. ನಾನೂ ಊರು ಬಿಟ್ಟವನೇ, ಆಡಿಕೊಳ್ಳುತ್ತಿಲ್ಲ. ಯಾರಾದರೂ ಕೇಳಿದರೆ ನಾನು "ನಮ್ಮೂರಿನ ಬ್ಯಾಂಡು" ಅಂತಲೇ ಹೇಳುವುದು. ಹೇಳಿದ ಮೇಲೆ ಧಾರವಾಡ ನೆನಪಾಗಿ ಒಂದು ಥರ ಆಗುತ್ತದೆ.

ಈಗ ನೀನು ಕೇಳದೆ ಇರುವ ಒಂದು ಮಾತು. ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡ.

2010ರ ಜುಲೈ. ಓದು ಮುಗಿದು ಕೆಲಸಕ್ಕೆ ಸೇರಿದ್ದೆ. ಹೆಡ್‌ಫೋನ್ ಕೊಟ್ಟವನೂ ಅಲ್ಲೇ ಸೇರಿದ್ದ. ಮೊಲ್ಡೆ ಊರಿನ ಜಾಝ್ ಹಬ್ಬದವರು ಮೋಟರ್‌ಸೈಕೋಗೆ ಹೊಸದೊಂದು ಕೃತಿ ಮಾಡಿಕೊಡಿ ಅಂತ ಕೇಳಿದ್ದರು. ಇವರು ಕೀಬೋರ್ಡಿನ ಸ್ಟೋಲೆ ಸ್ಟೋರ್ಲೊಕ್ಕನ್ ಜೊತೆ ಕೂತು ಒಂದು ಕಡಲ ಪಯಣದ ಕಥೆಯನ್ನು ಸಂಗೀತ ಮಾಡಿದ್ದರು. ಜೊತೆಗೆ ಟ್ರಾಂಡ್‌ಹೈಮ್ ಜಾಝ್ ಆರ್ಕೆಸ್ಟ್ರಾ. ಮೊಲ್ಡೆ ಇಲ್ಲಿಂದ ನಾಲ್ಕು ತಾಸಿನ ದಾರಿ, ನಡುವೆ ಹಾಲ್ಸಾದಲ್ಲಿ ಕಾರನ್ನು ಹಡಗಿಗೆ ಹತ್ತಿಸಬೇಕು. ನನ್ನ ಗೆಳೆಯ ಬಂದು, "ನನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ, ಕಾರಿನಲ್ಲಿ ಜಾಗ ಇದೆ, ಟೆಂಟೂ ಇದೆ. ಬರುತ್ತೀಯಾ?" ಅಂದ.

ನಾನು ಏನು ಹೇಳಿರಬೇಕು? ನೀನೂ ಅದನ್ನೇ ಹೇಳುತ್ತಿದ್ದೆ. "ಅಯ್ಯೋ, ನಿನಗ್ಯಾಕೆ ತೊಂದರೆ, ಪರವಾಗಿಲ್ಲ ಬಿಡು."

ಅವನು "ಸರಿ" ಅಂದ. ತಿರುಗಿ ತನ್ನ ಕಂಪ್ಯೂಟರ್ ನೋಡತೊಡಗಿದ.

ನಾನು ಕಾದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಕೇಳುತ್ತಾನೆ ಅಂದುಕೊಂಡೆ. ಹೊರಡುವ ದಿನ ಮೇಜಿನ ಕೆಳಗೆ ಬ್ಯಾಗ್ ತಂದು ಇಟ್ಟುಕೊಂಡಿದ್ದೆ. ಎರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಶ್, ಒಂದು ಚೌಚೌ ಪೊಟ್ಟಣ. ಅವನು ಕೋಟು ಹಾಕಿಕೊಂಡು, ಎಲ್ಲರಿಗೂ ಹೇಳಿದ ಹಾಗೆ ನನಗೂ ಒಳ್ಳೆಯ ವೀಕೆಂಡ್ ಹೇಳಿ ಹೋದ. ಟಿಕೆಟ್ ಬೇರೆ ಯಾರಿಗೋ ಕೊಟ್ಟಿದ್ದ. ಸೋಮವಾರ ಬಂದವನು "ಚೆನ್ನಾಗಿತ್ತು" ಎಂದ, ಅಷ್ಟೇ. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಒಂದು ವಾರ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇವರಿಗೆ ಮನುಷ್ಯತ್ವವೇ ಇಲ್ಲ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಆಮೇಲೆ ಅವನು ಕರೆಯುವುದೂ ಕಡಿಮೆ ಆಯಿತು. ಕಾಡಿನ ಮನೆಗೆ, ಸ್ಕೀ ಮಾಡಲು, ಬೇರೆಯವರನ್ನು ಕರೆಯುತ್ತಿದ್ದ. ಕೆಲವು ವರ್ಷದ ಮೇಲೆ ಉತ್ತರಕ್ಕೆ, ಬೋಡೋಗೆ ಕೆಲಸ ಬದಲಿಸಿದ. ಹೋಗುವ ದಿನ ಕೇಕ್ ತಿನ್ನುತ್ತ ತುಂಬ ಮೆತ್ತಗೆ ಹೇಳಿದ. "ನಿನಗೆ ನಮ್ಮ ಜೊತೆ ಬರುವುದು ಇಷ್ಟ ಇರಲಿಲ್ಲ ಅಲ್ವಾ. ಅದಕ್ಕೇ ನಾನು ಒತ್ತಾಯ ಮಾಡಲಿಲ್ಲ." ಅವನು ಅದನ್ನು ಮರ್ಯಾದೆ ಅಂದುಕೊಂಡಿದ್ದ. ಮಾತಿಗೆ ಬೆಲೆ ಕೊಡುವುದು ಅಂದರೆ ಅವರಿಗೆ ಅದೇ. ಬ್ಯಾಗಿನ ವಿಷಯ ನಾನು ಅವನಿಗೆ ಹೇಳಲೇ ಇಲ್ಲ. ಆಗ ಹೇಳಿದ್ದರೆ ಇಬ್ಬರೂ ನಗುತ್ತಿದ್ದೆವೋ ಏನೋ.

2012ರಲ್ಲಿ ಆ ಸಂಗೀತ 'ದ ಡೆತ್ ಡಿಫೈಯಿಂಗ್ ಯೂನಿಕಾರ್ನ್' ಅಂತ ಎರಡು ಡಿಸ್ಕಿನಲ್ಲಿ ಬಂತು. ಕೊಂಡು ತಂದೆ. ಪಿಟೀಲುಗಳು, ತುತ್ತೂರಿಗಳು, ಅದರ ಅಡಿಯಲ್ಲಿ ಬೆಂಟ್‌ನ ಬೇಸು ಹಡಗಿನ ಇಂಜಿನ್ನಿನ ಹಾಗೆ ಗುಡುಗುತ್ತದೆ. ಇವರು ಮಾಡಿದ್ದರಲ್ಲಿ ಅತಿ ದೊಡ್ಡ ಕೆಲಸ ಅದೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಾನು ಅದನ್ನು ಅಷ್ಟಾಗಿ ಹಾಕುವುದಿಲ್ಲ. ಹಾಕಿದರೆ ಹಾಲ್ಸಾದ ಹಡಗುಕಟ್ಟೆ ಕಣ್ಣ ಮುಂದೆ ಬರುತ್ತದೆ. ಎಷ್ಟೋ ವರ್ಷದ ಮೇಲೆ ಹೆಂಡತಿ ಜೊತೆ ಅದೇ ದಾರಿಯಲ್ಲಿ ಹೋಗಿದ್ದೆ. ಆ ಹಡಗು ದಾಟಲು ಬೇಕಾಗುವುದು ಇಪ್ಪತ್ತೇ ನಿಮಿಷ.

ಇವರನ್ನು ಆಮೇಲೆ ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ಸ್ಟುಡೆಂಟರ್‌ಸಾಮ್‌ಫುಂದೆಟ್‌ನಲ್ಲಿ. ನದಿಯ ಹತ್ತಿರ ಕೆಂಪು ಬಣ್ಣದ ಗುಂಡಗಿನ ಕಟ್ಟಡ, ಬಂದ ದಿನವೇ ಕಣ್ಣಿಗೆ ಬೀಳುತ್ತದೆ. ಒಂದು ರಾತ್ರಿ ನುಡಿಸಿದ್ದನ್ನು ಮರುದಿನ ಹಾಗೇ ನುಡಿಸುವವರಲ್ಲ, ಹಾಗಾಗಿ ಎರಡು ದಿನ ಇದ್ದರೆ ಎರಡೂ ದಿನದ ಟಿಕೆಟ್ ತಗೋ. ಒಬ್ಬನೇ ಹೋಗಲು ನಾಚಬೇಡ. ನಾನು ನಾಲ್ಕೂ ಸಲ ಒಬ್ಬನೇ ಹೋದೆ.

ಬ್ಯಾಂಡ್ ಕಟ್ಟಲು ಜನ ಸಿಗುತ್ತಾರಾ ಅಂದೆಯಲ್ಲ. ಅದೇ ಕೆಂಪು ಕಟ್ಟಡಕ್ಕೆ ಹೋಗಿ ಸ್ವಯಂಸೇವಕನಾಗಿ ಸೇರು. ಅದನ್ನು ನಡೆಸುವುದು ವಿದ್ಯಾರ್ಥಿಗಳೇ. ಬಾಗಿಲು ಕಾಯುವುದು, ಲೈಟು, ಸೌಂಡು, ಬಿಯರ್ ಸುರಿಯುವುದು, ಎಲ್ಲ ಅವರೇ, ಸಂಬಳ ಇಲ್ಲ. ವೈರು ಸುತ್ತುವ ಕೆಲಸ ಕೇಳು. ಇಲ್ಲಿ ಎದುರೆದುರು ಕೂತು ಪರಿಚಯ ಮಾಡಿಕೊಳ್ಳುವುದು ಆಗದ ಮಾತು, ಜೊತೆಯಲ್ಲಿ ಏನಾದರೂ ಎತ್ತುತ್ತಾ ಇಳಿಸುತ್ತಾ ಇದ್ದರೆ ತಾವಾಗಿ ಮಾತಾಡುತ್ತಾರೆ. ನೀನು ಬರುತ್ತಿರುವ ಎನ್‌ಟಿಎನ್‌ಯು ವಿಶ್ವವಿದ್ಯಾಲಯದಲ್ಲೇ ಜಾಝ್ ಕಲಿಸುವ ವಿಭಾಗ ಇದೆ, 1979ರಲ್ಲಿ ಶುರುವಾದದ್ದು. ಅಲ್ಲಿಯ ಹುಡುಗರ ಮುಂದೆ ಜಾಸ್ತಿ ಜಂಬ ಕೊಚ್ಚಬೇಡ, ಬೆರಳು ನೋಡಿದರೆ ನಿನಗೇ ಗೊತ್ತಾಗುತ್ತದೆ. ಬಂದರಿನ ಹತ್ತಿರ ಹಳೇ ದಾಸ್ತಾನು ಕಟ್ಟಡದಲ್ಲಿ ರಾಕ್‌ಹೈಮ್ ಅನ್ನುವ ಸಂಗೀತ ಮ್ಯೂಸಿಯಂ ಇದೆ, ಅದನ್ನೂ ನೋಡು.

ಭಾಷೆ ಕಲಿ. ಮೋಟರ್‌ಸೈಕೋ ಹಾಡುವುದು ಇಂಗ್ಲಿಷಿನಲ್ಲಿ ನಿಜ, ಆದರೆ ತಾಲೀಮಿನ ನಡುವಿನ ಚಹಾ ಇಂಗ್ಲಿಷಿನಲ್ಲಿ ಆಗುವುದಿಲ್ಲ. ಪುಸ್ತಕದಲ್ಲಿ 'ನಾನು' ಅನ್ನುವುದಕ್ಕೆ 'ಯೈ' ಅಂತ ಕಲಿಸುತ್ತಾರೆ. ಬೀದಿಗೆ ಬಂದರೆ ಎಲ್ಲರೂ 'ಆ್ಯ' ಅನ್ನುತ್ತಾರೆ. ಹುಬ್ಬಳ್ಳಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಿಟಾರ್: ಒಳ್ಳೆಯದಿದ್ದರೆ ತಾ. ಚಳಿಗಾಲದಲ್ಲಿ ಹೀಟರಿನಿಂದ ಕೋಣೆಯ ಗಾಳಿ ಒಣಗಿ ಮರ ಸೀಳುತ್ತದೆ, ಪೆಟ್ಟಿಗೆಯಲ್ಲೇ ಇಡು. ಆಂಪ್ಲಿಫೈಯರ್ ಹೊತ್ತು ತರಬೇಡ. ಫಿನ್ ಅನ್ನುವ ಸೈಟಿನಲ್ಲಿ ಹಳೆಯವು ಬೇಕಾದಷ್ಟು ಸಿಗುತ್ತವೆ.

ಕೊನೆಗೆ, ನನಗೆ ಏನು ತರಲಿ ಅಂತ ಕೇಳಿದ್ದೀಯ. ಪೇಡಾ ತರಬೇಡ. ಹಾಲಿನ ಪದಾರ್ಥ ನಮ್ಮ ಕಡೆಯಿಂದ ಒಳಗೆ ತರುವಂತಿಲ್ಲ. 2007ರಲ್ಲಿ ಅದು ತಿಳಿದದ್ದು ದಾರಿಯಲ್ಲಿ, ವಿಮಾನ ಬದಲಿಸುವಾಗ. ಅರ್ಧ ಕೆಜಿ ಪೇಡಾ ಅಲ್ಲೇ ನಿಂತು ತಿಂದೆ, ಇವತ್ತಿಗೂ ಅದರ ರುಚಿ ನೆನಪಿಲ್ಲ. ಶೇಂಗಾ ಚಟ್ನಿ ತಾ. ಖಾರ ಜಾಸ್ತಿ ಇರಲಿ. ಕಾಲು ಕೆಜಿ ಸಾಲದು, ಅರ್ಧ ಕೆಜಿ. ಖಡಕ್ ರೊಟ್ಟಿಗೆ ಜಾಗ ಇದ್ದರೆ ಅದೂ ಒಂದು ಕಟ್ಟು.