ಕೊಡಗಿನ ತೊರೆಗಳಲ್ಲಿ ಕಾಡು ಮಿಂಕ್ ಇದೆಯೇ?

ಇಲ್ಲ. ಮಡಿಕೇರಿ ಕಡೆಯ ತೋಟದ ತೊರೆಯಲ್ಲಿ ಮುಸ್ಸಂಜೆ ಕಂದು ಪ್ರಾಣಿಯೊಂದನ್ನು ಕಂಡು, ಅದು ಮಿಂಕ್ (ನೀರಿನ ಬಳಿ ಬದುಕುವ, ತುಪ್ಪಳಕ್ಕಾಗಿ ಸಾಕುವ ಸಣ್ಣ ಬೇಟೆಪ್ರಾಣಿ) ಇರಬಹುದೇ ಎಂದು ಕೇಳಿದ್ದೀರಿ. ಅದು ಬಹುಶಃ ನೀರುನಾಯಿ. ಭಾರತದ ಕಾಡಿನಲ್ಲಿ ಮಿಂಕ್ ಇಲ್ಲ. ನೋಡಲು ಹೋಲುತ್ತವೆ ನಿಜ, ಎರಡೂ ಒಂದೇ ಕುಟುಂಬದವು.

ಅಮೆರಿಕನ್ ಮಿಂಕ್ ಉತ್ತರ ಅಮೆರಿಕದ್ದು. ತೂಕ ಸುಮಾರು ಒಂದು ಕಿಲೋ, ಅಂದರೆ ಬೆಕ್ಕಿಗಿಂತ ಹಗುರ. ಹೊಳೆ, ಕೆರೆ, ಜೌಗು ಬಿಟ್ಟು ದೂರ ಹೋಗುವುದು ಕಡಿಮೆ. ದಡದ ಬೇರುಗಳ ಸಂದಿಯಲ್ಲೋ, ಮಸ್ಕ್‌ರ‍್ಯಾಟ್ ಎಂಬ ದಂಶಕದ ಬಿಲದಲ್ಲೋ ವಾಸ. ಎಷ್ಟೋ ಸಲ ಆ ಮಸ್ಕ್‌ರ‍್ಯಾಟನ್ನೇ ತಿಂದು ಅದರ ಮನೆಗೆ ಒಡೆಯನಾಗುತ್ತದೆ! ಮೀನು, ಕಪ್ಪೆ, ಸಿಗಡಿಯಂಥ ಜೀವಿಗಳು, ಹಕ್ಕಿ ಯಾವುದೂ ಬಿಡದು. ಒಂಟಿ ಜೀವಿ, ಓಡಾಟ ಹೆಚ್ಚಾಗಿ ರಾತ್ರಿ. ಬೆದರಿದರೆ ಬಾಲದ ಬುಡದ ಗ್ರಂಥಿಯಿಂದ ಗಬ್ಬುನಾತ ಬಿಡುತ್ತದೆ. ತುಪ್ಪಳಕ್ಕಾಗಿ ಯುರೋಪಿಗೆ ಒಯ್ದವು ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡು ಅಲ್ಲಿನ ಮಿಂಕ್‌ಗೇ ಕುತ್ತಾಗಿವೆ.

ನಮ್ಮ ಬೆಟ್ಟದ ತೊರೆಗಳಲ್ಲಿರುವುದು ಗಿಡ್ಡ ಉಗುರಿನ ಸಣ್ಣ ನೀರುನಾಯಿ. ಇದು ಗುಂಪಿನಲ್ಲಿ ತಿರುಗುತ್ತದೆ, ಏಡಿ ಎಂದರೆ ಪ್ರಾಣ. ಬೆಳಿಗ್ಗೆ ಅದೇ ಜಾಗದ ಬಂಡೆ ನೋಡಿ: ಹಿಕ್ಕೆಯಲ್ಲಿ ಏಡಿಚಿಪ್ಪಿನ ಚೂರುಗಳಿದ್ದರೆ ಅನುಮಾನ ಬಹುಮಟ್ಟಿಗೆ ಬಗೆಹರಿದಂತೆ. ಪ್ರಾಣಿ ಮರ ಹತ್ತಿತ್ತು, ಕುತ್ತಿಗೆ ಹಳದಿ ಇತ್ತು ಅಂದರೆ ಕಥೆಯೇ ಬೇರೆ, ಅದು ನೀಲಗಿರಿ ಮಾರ್ಟನ್, ಇದೇ ಕುಟುಂಬದ ಅಪರೂಪದ ಪ್ರಾಣಿ. ಹಾಗೇನಾದರೂ ಆಗಿದ್ದರೆ ನನಗೆ ಹೊಟ್ಟೆಕಿಚ್ಚು!