ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ‘ಮೆತ್ರೆಸ್ ದನ್ ಒಮ್ ಮಾರಿಯೆ’ (ಮದುವೆಯಾದ ಗಂಡಸಿನ ಪ್ರೇಯಸಿ) ಧಾರಾವಾಹಿಯಲ್ಲಿ ಎರಡನೇ ಹೆಂಡತಿಯ ಮಾತು ಅಷ್ಟು ಸಲೀಸಾಗಿ ಬರುವುದೇಕೆ?

ಸೆನೆಗಲ್‌ನ ಕಾನೂನೇ ಅದಕ್ಕೆ ಅವಕಾಶ ಕೊಡುತ್ತದೆ. 1960ರಲ್ಲಿ ಸ್ವತಂತ್ರವಾದ ದೇಶ 1972ರಲ್ಲಿ ಕುಟುಂಬ ಸಂಹಿತೆ ತಂದಿತು. ಅದರಂತೆ ಗಂಡು ಮದುವೆಯ ಹೊತ್ತಿಗೇ ಆರಿಸಬೇಕು: ಒಬ್ಬಳೇ ಹೆಂಡತಿ, ಮಿತಿಯ ಬಹುಪತ್ನಿತ್ವ, ಇಲ್ಲವೇ ನಾಲ್ವರವರೆಗೆ. ಏನೂ ಆರಿಸದಿದ್ದರೆ ಬಹುಪತ್ನಿತ್ವವೇ ಅನ್ವಯ! ಆರಿಸಿದ್ದನ್ನು ಆಮೇಲೆ ಕಡಿಮೆ ಮಾಡಬಹುದೇ ಹೊರತು ಹೆಚ್ಚಿಸುವಂತಿಲ್ಲ. ಹಾಗಾಗಿ ಕಥೆಯ ಪ್ರೇಯಸಿ ಮಾರೆಮ್‌ಳನ್ನು ಕೇವಲ ‘ಇಟ್ಟುಕೊಂಡವಳು’ ಎಂದು ನೋಡಿದರೆ ಕಥೆ ಅರ್ಧವೇ ದಕ್ಕುತ್ತದೆ. ಅವಳು ಮುಂದೆ ಸವತಿಯೂ ಆಗಬಹುದಾದವಳು, ಆ ಗಂಡಸಿನ ಹೆಂಡತಿ ಲಾಲಾಳ ದಿಗಿಲೂ ಅದೇ.

ಕಾಲಿಸ್ತಾ ಸಿ ರೂಪಿಸಿದ ಈ ಧಾರಾವಾಹಿ ಶುರುವಾದದ್ದು 2019ರಲ್ಲಿ. ಧಾರ್ಮಿಕ ಸಂಘಟನೆಯೊಂದು ಅಶ್ಲೀಲವೆಂದು ದೂರಿತ್ತು. ಅಲ್ಲಿ ರೇಗಿಸಿದ್ದು ಬಹುಪತ್ನಿತ್ವಕ್ಕಿಂತ ಹೆಂಗಸರ ಬಿಚ್ಚುಮಾತು ಎನ್ನಬೇಕು. ಸಂಭಾಷಣೆ ಹೆಚ್ಚಾಗಿ ಅಲ್ಲಿನ ಜನಭಾಷೆ ವೊಲೊಫ್, ನಡುನಡುವೆ ಫ್ರೆಂಚ್. ಯೂಟ್ಯೂಬ್‌ನಲ್ಲಿ ಮರೋಡಿ ಚಾನೆಲ್ ಹುಡುಕಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ.