ಸ್ಪ್ಯಾನಿಷ್ ಪದದಲ್ಲಿ ಒತ್ತು ಬೀಳುವುದೆಲ್ಲಿ?

ಮ್ಯಾಡ್ರಿಡ್‌ಗೆ ಈಗಷ್ಟೇ ಬಂದಿದ್ದೀರಿ. ಭಾಷಾ ತರಗತಿಯಲ್ಲಿ ಪದಗಳನ್ನು ತುಂಡುಗಳಾಗಿ ಬಿಡಿಸಿ ಒತ್ತು, ಅಂದರೆ ಒತ್ತಿ ಹೇಳುವ ತುಂಡು ಯಾವುದೆಂದು ಗುರುತಿಸಲು ಹೇಳುತ್ತಾರೆ, ಈ ಮಕ್ಕಳ ಪಾಠ ಬಿಟ್ಟರೇನು ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕ್ರಿಯಾಪದಗಳ ಪಟ್ಟಿ ಬೇಕಾದರೆ ಒಂದು ತಿಂಗಳು ಕಾಯಲಿ. ಒತ್ತು ಮೊದಲಲ್ಲಿ ಬಿದ್ದು ‘ಪಾಗೊ’ ಎಂದರೆ ನಾನು ಹಣ ಕೊಡುತ್ತೇನೆ. ಕೊನೆಯಲ್ಲಿ ಬಿದ್ದು ‘ಪಗೋ’ ಎಂದರೆ ಅವರು ಕೊಟ್ಟರು. ಮನೆ ಬಾಡಿಗೆಯ ಮಾತಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ನಿಯಮ ಸರಳವಾಗಿದೆ. ಪದದ ಕೊನೆಯಲ್ಲಿ ಸ್ವರ, ನ್ ಅಥವಾ ಸ್ ಇದ್ದರೆ ಕೊನೆಯಿಂದ ಎರಡನೆಯ ತುಂಡಿಗೆ ಒತ್ತು: ಬರ್-ಥೆ-ಲೋ-ನ. ಬೇರೆ ವ್ಯಂಜನವಿದ್ದರೆ ಕೊನೆಯ ತುಂಡಿಗೆ: ಮ-ದ್ರೀದ್. ಇದನ್ನು ಮೀರುವ ಪದಗಳಲ್ಲಿ ಸ್ವರದ ತಲೆಯ ಮೇಲೆ ಓರೆಗೆರೆ ಇರುತ್ತದೆ: ಮಾ-ಲ-ಗ, ಕೋರ್-ದೊ-ಬ. ಮೆಟ್ರೋದಲ್ಲಿ ದಿನವೂ ಕೇಳುವ ‘ಎಸ್ತಥ್ಯೋನ್’ಗೆ (ನಿಲ್ದಾಣ) ಗೆರೆ ಉಂಟು, ಬಹುವಚನ ‘ಎಸ್ತಥ್ಯೋನೆಸ್’ಗೆ ಇಲ್ಲ. ಒತ್ತು ಕದಲಲಿಲ್ಲ, ಆದರೆ ಈಗ ಅದು ನಿಯಮದ ಜಾಗದಲ್ಲೇ ಇದೆ.

ಕನ್ನಡಿಗರು ಎಡವುವುದು ಬಿಡಿಸುವಾಗ. ‘ಪಾಸ್ತ’ ಎಂದು ಬರೆದರೆ ‘ಸ್ತ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಸ್ಪ್ಯಾನಿಷ್ ಮಾತಾಡುವವರಿಗೆ ಅದು ಪಾಸ್-ತ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದೀರಲ್ಲ, ಒತ್ತಕ್ಷರದ ಹಿಂದಿನದು ಗುರುವಾಗುತ್ತಿತ್ತಲ್ಲ, ಅದೇ ಕಿವಿಯಿಂದ ಕೇಳಿ. ಪ್ರ, ತ್ರ, ಬ್ರ, ಕ್ಲ, ಫ್ಲದಂಥ ಜೋಡಿಗಳನ್ನು ಮಾತ್ರ ಒಡೆಯಬಾರದು: ಲೀ-ಬ್ರೊ. ‘ತ್ಲ’ದ ವಿಷಯದಲ್ಲಿ ಅವರಲ್ಲೇ ಒಮ್ಮತವಿಲ್ಲ. ಅಟ್ಲಾಂಟಿಕ್ ಎಂಬ ಪದ ಸ್ಪೇನ್‌ನ ಬಹುಭಾಗದಲ್ಲಿ ಅತ್-ಲಾನ್-ತಿ-ಕೊ, ಮೆಕ್ಸಿಕೊದಲ್ಲಿ ಅ-ತ್ಲಾನ್-ತಿ-ಕೊ, ಎರಡೂ ಸರಿ.

ಸ್ವರಗಳಲ್ಲಿ ಅ, ಎ, ಒ ಗಟ್ಟಿ. ಎರಡು ಗಟ್ಟಿ ಸ್ವರಗಳು ಅಕ್ಕಪಕ್ಕ ಬಂದರೆ ಬೇರೆ ಬೇರೆ ನಿಲ್ಲುತ್ತವೆ: ಬಿಲ್-ಬಾ-ಒ. ಇ, ಉ ಮೆತ್ತಗಿನವು, ಪಕ್ಕದ ಸ್ವರದಲ್ಲಿ ಕರಗುತ್ತವೆ. ಹಾಗಾಗಿ ನಾವು ‘ವಲೆನ್ಸಿಯಾ’ ಎನ್ನುವ ಊರಿಗೆ ಮೂರೇ ತುಂಡು: ಬ-ಲೆನ್-ಥ್ಯ. ಆ ಮೆತ್ತಗಿನ ಸ್ವರದ ಮೇಲೆಯೇ ಗೆರೆ ಬಂದರೆ ಅದು ಬೇರೆ ನಿಲ್ಲುತ್ತದೆ: ಮ-ರೀ-ಅ.

ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದಾದರೆ ಒತ್ತು ಇರುವಲ್ಲಿ ಮಾತ್ರ ದೀರ್ಘ ಹಾಕಿ. ‘ಬಾರ್ಸೆಲೋನಾ’ ಎಂದು ನಾವು ಮೂರು ಕಡೆ ಎಳೆಯುತ್ತೇವೆ; ಹ್ರಸ್ವ ದೀರ್ಘದಿಂದ ಅರ್ಥ ಬದಲಾಗದ ಭಾಷೆಯವರು ಅದರಲ್ಲಿ ಒತ್ತು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಇನ್ನೊಂದು ಮಾತು. ಅಡ್ಡಗೀಟು ಎಂಬರ್ಥದ ‘ಗಿಯೋನ್’ ಪದದ ಗೆರೆಯನ್ನು ಸ್ಪ್ಯಾನಿಷ್ ಕಾಗುಣಿತದ ನಿಯಮ ಮಾಡುವ ರಾಯಲ್ ಸ್ಪ್ಯಾನಿಷ್ ಅಕಾಡೆಮಿ 2010ರಲ್ಲಿ ತೆಗೆದುಹಾಕಿತು. ಹಿರಿಯ ಶಿಕ್ಷಕರು ಯಾರಾದರೂ ಇನ್ನೂ ಹಾಕಿದರೆ ತಿದ್ದಲು ಹೋಗಬೇಡಿ.